ಕೆಲೆರಾಳ ಹೆಸರಿನಲ್ಲಿ

ಒಂಬತ್ತು ದಿನದ ಆ ಪ್ರವಾಸದ ಒಂದೊಂದು ಗಂಟೆಯನ್ನೂ ಕೆಲೆರಾ ಒಬ್ಬಳೇ ಕೂತು ಜೋಡಿಸಿದ್ದಳು. ನ್ಯೂಜಿಲೆಂಡಿನಿಂದ ಇಪ್ಪತ್ತೆರಡು ಮಂದಿ ನಿವೃತ್ತ ಮೇಷ್ಟರುಗಳು ಆಗಸ್ಟ್ ತಿಂಗಳಲ್ಲಿ ಬರುವವರಿದ್ದರು. ಬರಿಯ ಕಡಲು, ಮರಳು ಅವರಿಗೆ ಸಾಲದಂತೆ. ಜನರನ್ನು ನೋಡಬೇಕು, ಅದೂ ಫಿಜಿಯಲ್ಲಿ ಎಷ್ಟು ಬಗೆಯ ಜನರಿದ್ದಾರೋ ಅಷ್ಟೂ ಬಗೆಯನ್ನು, ಎಂದು ಬರೆದಿದ್ದರು. ಅದಕ್ಕೆಂದೇ ಕೆಲೆರಾ ಲಂಬಾಸದ ಕಬ್ಬಿನ ಸೀಮೆಯಲ್ಲಿರುವ ನಾಗರಕಲ್ಲಿನ ಗುಡಿಗೆ ಒಂದು ಬೆಳಗು ಇಟ್ಟಿದ್ದಳು. ಆ ಕಲ್ಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆಂದು ಅಲ್ಲಿಯವರ ನಂಬಿಕೆ. ಕುಣಿತಕ್ಕೆ ಹೆಸರಾದ ರಂಬಿ ದ್ವೀಪಕ್ಕೆ ಒಂದು ಇಡೀ ದಿನ. ಚಾಪೆ ಹೆಣೆಯುವ ಕಿಯೋವಾದವರಲ್ಲಿ ಒಂದು ಮಧ್ಯಾಹ್ನದ ಊಟ. ತವೇವುನಿಯ ಜಲಪಾತಗಳಿಗೆ ಎರಡು ದಿನ. ದೋಣಿ ಎಷ್ಟು ಗಂಟೆಗೆ, ಬಸ್ಸು ಎಲ್ಲಿ ನಿಲ್ಲಬೇಕು, ಮಂಡಿನೋವಿರುವವರು ಯಾವ ಮೆಟ್ಟಿಲ ಬಳಿ ಕೂತು ಕಾಯಬಹುದು, ಎಲ್ಲವೂ ಆ ಹಾಳೆಗಳಲ್ಲಿತ್ತು.

ಇಷ್ಟೆಲ್ಲ ಬರೆದವಳು ಅವುಗಳಲ್ಲಿ ಒಂದನ್ನು ಬಿಟ್ಟು ಮಿಕ್ಕ ಯಾವುದನ್ನೂ ಕಣ್ಣಾರೆ ಕಂಡವಳಲ್ಲ. ಡಿಗ್ರಿ ಮುಗಿಸಿ ಸವುಸವು ಪೇಟೆಯ ಈ ಪುಟ್ಟ ಆಫೀಸಿಗೆ ಸೇರಿ ಮೂರು ವರ್ಷವಾಗಿತ್ತು. ಮೂರು ವರ್ಷವೂ ಊರೂರಿನವರ ರಜೆಯನ್ನು ಜೋಡಿಸಿಕೊಟ್ಟು, ಕಿಟಕಿಯಿಂದ ಕೊಲ್ಲಿಯನ್ನು ನೋಡುತ್ತ ಕೂತಿದ್ದಳು. ಐದನೆಯ ದಿನದ ನಾಸೋಲೋ ಒಂದೇ ಅವಳಿಗೆ ಗೊತ್ತಿದ್ದ ಜಾಗ. ಅದು ತೀರಿಕೊಂಡ ಅಮ್ಮನ ತವರು. ದೋಣಿಯಲ್ಲಿ ಮೂರು ಗಂಟೆಯ ದಾರಿ. ಅಲ್ಲಿಯ ಹವಳದ ದಿಬ್ಬದ ಬಳಿ ಈಜು, ನೆಲದ ಒಲೆಯಲ್ಲಿ ಬೆಂದ ಗೆಡ್ಡೆಯ ಊಟ ಎಂದು ನೆನಪಿನಿಂದಲೇ ಬರೆದಿದ್ದಳು.

ಆಫೀಸಿನ ಒಡತಿ ಹಂಸಾಬೆನ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಾಳೆಗಳನ್ನೆಲ್ಲ ಓದಿದರು.

“ಭಾಳ ಚೆನ್ನಾಗಿದೆ ಕಣೇ ಹುಡುಗಿ. ಊಟದ ಹೊತ್ತಿಗೆ ಯಾರೂ ಬಸ್ಸಲ್ಲಿ ಸಿಕ್ಕಿಹಾಕ್ಕೊಳಲ್ಲ. ಇದೊಂದು ಕಲಿಯೋಕೆ ನನಗೆ ಹತ್ತು ವರ್ಷ ಹಿಡೀತು.”

ಕೆಲೆರಾಳ ಕಿವಿ ಬಿಸಿಯಾಯಿತು. ಜೊತೆಗೆ ನಾನೇ ಹೋಗಲಾ ಎಂದು ಕೇಳಬೇಕೆಂದು ವಾರದಿಂದ ಮಾತು ಕೂಡಿಸಿಟ್ಟುಕೊಂಡಿದ್ದಳು. ಅದು ಗಂಟಲಿಗೆ ಬರುವಷ್ಟರಲ್ಲಿ ಹಂಸಾಬೆನ್ ಹಾಳೆ ಮಡಿಸಿಯಾಗಿತ್ತು.

“ಲವೇನಿಯಾ ಹೋಗ್ಲಿ ಜೊತೆಗೆ. ನೀನಿಲ್ಲಿ ಫೋನು ನೋಡ್ಕೊ. ಒಂಬತ್ತು ದಿನ ನೀನು ಬಾಯಿ ಬಿಡದೆ ಕೂತ್ರೆ, ಪಾಪ ಆ ಮುದುಕರು ತಾವೇನೋ ತಪ್ಪು ಮಾಡಿದ್ವಿ ಅಂದ್ಕೋತಾರೆ.”

“ಇವಳನ್ನ ಕಳಿಸ್ಲೇಬೇಡಿ ಹಂಸಾಬೆನ್,” ಎಂದಳು ಪಕ್ಕದ ಮೇಜಿನ ಲವೇನಿಯಾ. “ಇವಳು ಮುಂದೆ ಹೋಗಿ ನಿಂತ್ರೆ ತವೇವುನಿ ಜಲಪಾತಾನೂ ಸದ್ದಡಗಿಸ್ಕೊಂಡು ಬೀಳುತ್ತೆ!”

ಹಂಸಾಬೆನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲೆರಾಳೂ ನಗಲೇಬೇಕಾಯಿತು. ಲವೇನಿಯಾ ಅವಳ ಸೋದರತ್ತೆಯ ಮಗಳು, ನಾಲ್ಕು ತಿಂಗಳಿಗೆ ದೊಡ್ಡವಳು. ಇವಳು ಅತ್ತಿಗೆ ಎನ್ನುವುದು, ಅವಳು ನಾದಿನಿ ಎನ್ನುವುದು. ಅವರಲ್ಲಿ ಈ ನಂಟಿನವರು ಒಬ್ಬರನ್ನೊಬ್ಬರು ಏನೆಂದು ಬೇಕಾದರೂ ಗೇಲಿ ಮಾಡಬಹುದು, ಬೇಸರಿಸಿಕೊಳ್ಳುವಂತಿಲ್ಲ, ತಿರುಗಿಸಿ ಗೇಲಿ ಮಾಡುವುದೇ ಚೆಂದ. ಕೆಲೆರಾಳಿಗೆ ಉತ್ತರ ಹೊಳೆಯುತ್ತಿದ್ದುದು ಮನೆಗೆ ಹೋಗಿ ಡೈರಿ ತೆರೆದ ಮೇಲೆ.

ಗೇಲಿಯನ್ನಾದರೂ ನುಂಗಬಹುದಿತ್ತು. ನುಂಗಲಾಗದ್ದು ಬೇರೆಯಿತ್ತು. ನಾಗರಕಲ್ಲಿನ ಕಥೆಯನ್ನು ಹುಡುಕಿ ಓದಿ ಲವೇನಿಯಾಳಿಗೆ ಹೇಳಿದವಳು ಕೆಲೆರಾ. ಮರುದಿನ ಬಂದ ಗಿರಾಕಿಗಳ ಮುಂದೆ ಲವೇನಿಯಾ ಅದನ್ನೇ ಹೇಳಿದಳು. ಕಲ್ಲಿಗೆ ಜಾಗ ಮಾಡಿಕೊಡಲು ಗುಡಿಯ ಮಾಡನ್ನು ಹೇಗೆ ಎತ್ತರಿಸಿದರೆಂದು ಕುರ್ಚಿ ಹತ್ತಿ ತೋರಿಸಿದಳು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ತನ್ನದೇ ಮಾತು ಇನ್ನೊಬ್ಬಳ ಬಾಯಲ್ಲಿ ಹೂವಾಗುವುದನ್ನು ಕೆಲೆರಾ ಕೂತು ನೋಡಿದಳು. ಮಾರುಕಟ್ಟೆಯ ಹೆಂಗಸರು ಲವೇನಿಯಾಳನ್ನು ಕಂಡರೆ ಬಾಳೆಗೊನೆಯಿಂದ ಒಂದು ಚಿಪ್ಪು ಹೆಚ್ಚಿಗೆ ಮುರಿದುಕೊಡುತ್ತಿದ್ದರು. ಕೆಲೆರಾ ಪಕ್ಕದಲ್ಲಿದ್ದರೆ ಚೀಲ ಹಿಡಿಯಲು ಕೊಡುತ್ತಿದ್ದರು. ಈಗ ರಂಬಿಯೂ ಅವಳದೇ, ತವೇವುನಿಯೂ ಅವಳದೇ.

ಮೇ ತಿಂಗಳ ಮೊದಲ ಶನಿವಾರ ಮಾರುಕಟ್ಟೆಯಲ್ಲಿ ಸೋದರಮಾವ ಅಪಿಸಾಯ್ ಸಿಕ್ಕಿದ. ನಾಸೋಲೋದಿಂದ ಕೆಸುವಿನ ಗೆಡ್ಡೆ ಮಾರಲು ಬಂದಿದ್ದವನು ಗೆಡ್ಡೆಗೆ ಕೈಯನ್ನೂ ಹಚ್ಚದೆ ಕೂತಿದ್ದ.

“ದೊಡ್ಡಜ್ಜ ಹೋಗ್ಬಿಟ್ಟ ಮಗಳೇ. ಗುರುವಾರ ಬೆಳಿಗ್ಗೆ.”

ದೊಡ್ಡಜ್ಜ ಊರಿನ ಹಿರಿಯ. ಅಮ್ಮನನ್ನು ಎತ್ತಿ ಆಡಿಸಿದವನು.

“ಮಂಗಳವಾರ ಮಣ್ಣು. ಅವತ್ತಿಂದ ನೂರು ದಿನ ದಿಬ್ಬದ ನೀರಿಗೆ ಯಾರೂ ಇಳಿಯೋ ಹಾಗಿಲ್ಲ. ಮೀನು ಇಲ್ಲ, ಹಾಡು ಇಲ್ಲ, ಕೂಗಾಟ ಇಲ್ಲ. ನೀನು ಬಾ. ಸಾವಿನ ಮನೇಲಿ ನಿಮ್ಮಮ್ಮ ಕೂರಬೇಕಾದ ಜಾಗ ಹಾಗೇ ಖಾಲಿ ಇದೆ.”

ಬರುತ್ತೇನೆಂದು ತಲೆಯಾಡಿಸಿದಳು. ಮನೆ ಸೇರುವ ಮೊದಲೇ ಬೆರಳೆಣಿಸಿಯಾಗಿತ್ತು. ನೂರನೆಯ ದಿನ ಆಗಸ್ಟ್ ಹದಿಮೂರು. ಮೇಷ್ಟರುಗಳು ನಾಸೋಲೋದಲ್ಲಿ ಈಜಬೇಕಾದದ್ದು ಹನ್ನೊಂದಕ್ಕೆ. ಅದಕ್ಕಿಂತ ಮೊದಲು, ಬರುವ ಬುಧವಾರವೇ, ಲವೇನಿಯಾ ಯಂಗೋನ ಬೇರಿನ ಕಟ್ಟು ತೆಗೆದುಕೊಂಡು ನಾಸೋಲೋಗೆ ಹೋಗುವವಳಿದ್ದಳು. ಆ ಬೇರನ್ನು ಹಿರಿಯರ ಮುಂದಿಟ್ಟು ಅಪ್ಪಣೆ ಕೇಳದೆ ಯಾರ ಊರಿಗೂ ಅತಿಥಿಗಳನ್ನು ಕರೆದೊಯ್ಯುವಂತಿಲ್ಲ.

ಹೇಳಬೇಕಾದದ್ದು ಒಂದೇ ಮಾತು. ಸೋಮವಾರ ಆ ಮಾತನ್ನು ಲವೇನಿಯಾಳೇ ಕೇಳಿಬಿಟ್ಟಳು.

“ಏ ನಾದಿನಿ, ನಿಮ್ಮಮ್ಮನ ಊರಿಗೆ ಹೋಗ್ತಿದೀನಲ್ಲ, ಏನಾದ್ರೂ ಗೊತ್ತಿರಬೇಕಾದ್ದು ಇದೆಯೇನೇ?”

ಲವೇನಿಯಾಳ ಕಿವಿಯ ಮೇಲೆ ಕೆಂಪು ದಾಸವಾಳವಿತ್ತು. ತವೇವುನಿಗೆಂದು ಕೊಂಡ ಹೊಸ ಚಪ್ಪಲಿಯನ್ನು ಮೂರು ತಿಂಗಳ ಮೊದಲೇ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು. ಕೆಲೆರಾ ಆ ಚಪ್ಪಲಿಯನ್ನು ನೋಡಿದಳು.

“ಎಲ್ಲ ಹಾಳೇಲಿದೆ,” ಎಂದಳು.

ಮಂಗಳವಾರ ರಜೆ ಕೇಳಿದರೆ ಏಕೆಂದು ಹೇಳಬೇಕಾಗುತ್ತಿತ್ತು. ಜ್ವರ, ಬರಲಾಗದು ಎಂದು ಮಾವನಿಗೆ ಹೇಳಿಕಳಿಸಿ ಆಫೀಸಿನಲ್ಲೇ ಕೂತಳು. ಲವೇನಿಯಾಳಿಗೆ ಯಾರಾದರೂ ಹೇಳಲಿ ಎಂದು ಒಂದು ಮನಸ್ಸು ಬಯಸುತ್ತಿತ್ತು, ಯಾರೂ ಹೇಳದಿರಲಿ ಎಂದು ಇನ್ನೊಂದು. ರೇಡಿಯೋದವರು ಸಾವಿನ ಸುದ್ದಿ ಓದುತ್ತಾರೆ, ಆದರೆ ಲವೇನಿಯಾಳಿಗೆ ಬೇಕಾದ್ದು ಹಾಡು. ಹಂಸಾಬೆನ್ ಕೇಳುವುದು ಹಿಂದಿ ಸ್ಟೇಷನ್ನು. ದೋಣಿಯವನು ಕಿಯೋವಾದವನು, ನಾಸೋಲೋದ ಕಡೆ ತಲೆಹಾಕಿದವನಲ್ಲ.

ಬುಧವಾರ ದೋಣಿ ಹೊರಟ ಮೇಲೆ ಕೆಲೆರಾ ಇಡೀ ದಿನ ಒಂದೇ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಲವೇನಿಯಾ ನಗುತ್ತ ಇಳಿಯುತ್ತಾಳೆ, ಯಾರೂ ನಗುವುದಿಲ್ಲ. ಅಷ್ಟೇ. ಅದು ಸಿಹಿಯಾಗಿತ್ತು, ಇಲ್ಲವೆನ್ನಲು ಅವಳಿಂದಾಗಲಿಲ್ಲ. ಸಂಜೆಗೆ ದೋಣಿ ಬರಲಿಲ್ಲ. ಗುರುವಾರವೂ ಬರಲಿಲ್ಲ. ಗುರುವಾರ ಸಂಜೆಯ ಹೊತ್ತಿಗೆ ಆ ಸಿಹಿ ಹುಳಿಯಾಗಿ, ಅವಳು ಹತ್ತು ಸಲ ಕಿಟಕಿಯ ಬಳಿಗೆ ಹೋಗಿ ಕೊಲ್ಲಿಯನ್ನು ನೋಡಿ ಬಂದಿದ್ದಳು.

ಶುಕ್ರವಾರ ಬೆಳಿಗ್ಗೆ ಲವೇನಿಯಾ ಬಂದಳು. ಮೈಮೇಲೆ ಯಾರದೋ ಕಪ್ಪು ಬಟ್ಟೆ, ಕಿವಿಯ ಮೇಲೆ ಹೂವಿಲ್ಲ, ಕಣ್ಣು ಊದಿದೆ, ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಚಾಪೆ. ಗಂಟಲು ಒಡೆದಿದ್ದರೂ ಮಾತು ನಿಂತಿರಲಿಲ್ಲ.

“ಏನು ಕೇಳ್ತೀರಿ ಹಂಸಾಬೆನ್! ಜೋರಾಗಿ ಹಾಡು ಹಾಕ್ಕೊಂಡು ಹೋದ್ವಿ. ದಡ ಐವತ್ತು ಮಾರು ಇರೋವಾಗ ನಾನು ನೀರಿಗೆ ಹಾರೇಬಿಟ್ಟೆ, ಮೇಷ್ಟರುಗಳಿಗೆ ನೀರು ತಣ್ಣಗಾಗುತ್ತೋ ಏನೋ ನೋಡೋಣ ಅಂತ. ಮೇಲೆ ಬಂದು ನೋಡಿದ್ರೆ ದಡದ ತುಂಬ ಜನ. ಅಬ್ಬಾ, ನನ್ನನ್ನ ಕರ್ಕೊಳೋಕೆ ಬಂದಿದಾರೆ ಅಂತ ಕೈ ಬೀಸಿದೆ. ಒಬ್ಬನೂ ಬೀಸಲಿಲ್ಲ. ನಾಲ್ಕು ಜನ ಹುಡುಗರು ನೀರಿಗಿಳಿಯದೆ ತೆಪ್ಪದಲ್ಲಿ ಬಂದು ರೇಡಿಯೋ ಕಿತ್ಕೊಂಡ್ರು, ಪೆಟ್ರೋಲ್ ಡಬ್ಬಿ ಕಿತ್ಕೊಂಡ್ರು. ಹಿರಿಯ ತೀರ್ಕೊಂಡಿದಾನೆ, ನೀರು ಮುಚ್ಚಿದೆ ಅಂದ್ರು. ನನ್ನ ಜೀವಮಾನದಲ್ಲಿ ಮೊದಲ್ನೇ ಸಲ ಮಾತು ಬರ್ಲಿಲ್ಲ. ಥೇಟ್ ಇವಳಾಗ್ಬಿಟ್ಟಿದ್ದೆ!” ಎಂದು ಕೆಲೆರಾಳತ್ತ ಗದ್ದ ಚಾಚಿ ತೋರಿಸಿದಳು.

“ಅಯ್ಯೋ ದೇವ್ರೇ! ಆಮೇಲೆ?”

“ಆಮೇಲೇನು, ಕೈಲಿ ಯಂಗೋನ ಬೇರಿತ್ತಲ್ಲ, ಅದೇ ಕಾಪಾಡ್ತು. ಅಪ್ಪಣೆ ಕೇಳೋಕೆ ಇಡಬೇಕಾದ ಬೇರನ್ನ ಸಾವಿನ ಮನೆಗೆ ಇಟ್ಟೆ. ಎರಡು ದಿನ ಇದ್ದು ಪಾತ್ರೆ ತೊಳೆದೆ, ತೆಂಗಿನಕಾಯಿ ತುರಿದೆ, ಅತ್ತೆ. ಎಷ್ಟು ಅತ್ತೆ ಅಂದ್ರೆ, ಅಲ್ಲಿಯೋರೇ ಸುಮ್ನಿರಮ್ಮಾ ಅಂದ್ರು.”

ಹಂಸಾಬೆನ್ ಕೆಲೆರಾಳ ಕಡೆ ತಿರುಗಿದರು. “ಅಲ್ಲವೇ, ನಿಮ್ಮಮ್ಮನ ಊರು ಅದು. ನಿನಗೂ ತಿಳೀಲಿಲ್ವಾ?”

“ಇವಳಿಗೆ ಯಾರು ಹೇಳ್ತಾರೆ ಬಿಡಿ,” ಎಂದಳು ಲವೇನಿಯಾ, ಕೆಲೆರಾ ಬಾಯಿ ತೆರೆಯುವ ಮೊದಲೇ. “ಹೇಳಿದ್ರೂ ಇವಳು ಯಾರಿಗೆ ಹೇಳ್ತಾಳೆ?”

ಚಹಾದ ಹೊತ್ತಿನಲ್ಲಿ ಹಿತ್ತಲ ಜಗಲಿಯಲ್ಲಿ ಇಬ್ಬರೇ ಉಳಿದರು. ಲವೇನಿಯಾ ಬಟ್ಟಲು ಕೆಳಗಿಟ್ಟಳು.

“ಜ್ವರ ಇಳೀತಾ ನಾದಿನಿ?”

ಕೆಲೆರಾಳ ಚಹಾ ಕೈಮೇಲೆ ಚೆಲ್ಲಿತು.

“ನಿಮ್ಮ ಅಪಿಸಾಯ್ ಮಾವ ಕೇಳಿದ್ರು ನನ್ನನ್ನ. ಶನಿವಾರ ಸಂತೇಲಿ ಎಲ್ಲಾ ಹೇಳಿದ್ದೆ ಅವಳಿಗೆ, ಜ್ವರ ಹೇಗಿದೆ ಅಂದ್ರು. ನಾನು ಏನು ಹೇಳ್ಲಿ? ಅವಳೇ ಕಳಿಸಿದ್ದು ನನ್ನ, ಬೇರು ಅವಳದ್ದೇ, ಅಂದೆ. ಎಲ್ಲರ ಮುಂದೆ ನಿನ್ನ ಹೆಸರು ಹೇಳಿ ಬೇರು ಇಟ್ಟೆ. ಸುಳ್ಳು ಹೇಳಿದ್ದು ಅಂತ ಅವರಿಗೂ ಗೊತ್ತಾಗಿರುತ್ತೆ, ನನ್ನ ಕೂದಲಿಂದ ಇನ್ನೂ ನೀರು ಸೋರ್ತಿತ್ತಲ್ಲ. ಆದ್ರೂ ತಗೊಂಡ್ರು. ನಿಮ್ಮಮ್ಮನ ಚಾಪೆ ಮೇಲೆ ನನ್ನನ್ನೇ ಕೂರಿಸಿದ್ರು.” ಅವಳ ದನಿಯಲ್ಲಿ ಗೇಲಿಯಿರಲಿಲ್ಲ. “ನನ್ನ ಮಾನ ಕಳೆಯೋಕೆ ಹೋಗಿ, ನಿನ್ನ ದೊಡ್ಡಜ್ಜನಿಗೆ ಒಂದು ಹನಿ ಕಣ್ಣೀರು ಹಾಕೋಕೂ ಹೋಗ್ಲಿಲ್ಲವಲ್ಲೇ. ಅಂಥಾದ್ದು ಏನು ಮಾಡಿದ್ದೆ ನಾನು?”

“ನನಗೆ ಹೋಗ್ಬೇಕಿತ್ತು,” ಎಂದಳು ಕೆಲೆರಾ. ದನಿ ತನ್ನದಲ್ಲವೆನಿಸಿತು.

“ಎಲ್ಲಿಗೆ?”

“ರಂಬಿಗೆ. ತವೇವುನಿಗೆ. ಎಲ್ಲಾ ಕಡೆಗೂ. ಬರೆದದ್ದೆಲ್ಲ ನಾನು. ನೋಡೋಳು ಮಾತ್ರ ನೀನು.”

ಲವೇನಿಯಾ ಕಣ್ಣು ಅರಳಿಸಿ ನೋಡಿದಳು. ಆಮೇಲೆ ಒಡೆದ ಗಂಟಲಲ್ಲೇ ನಗತೊಡಗಿದಳು, ಜಗಲಿಯ ಕಂಬ ಹಿಡಿದುಕೊಂಡು.

“ಇಷ್ಟೇನಾ? ಥೂ ನಿನ್ನ! ಕೇಳೋಕೇನು ಬಂದಿತ್ತು ನಿನಗೆ? ಅತ್ತಿಗೇ, ನನಗೆ ಕೊಡು ಅಂದಿದ್ರೆ ನಾನು ಇಲ್ಲ ಅನ್ನೋ ಹಾಗಿತ್ತಾ? ನಮ್ಮಲ್ಲಿ ಯಾರಾದ್ರೂ ಕೇಳಿದ್ದನ್ನ ಇಲ್ಲ ಅಂದಿದ್ದು ನೋಡಿದೀಯಾ?”

ನೋಡಿರಲಿಲ್ಲ. ಕೇಳಿದರೆ ಉಟ್ಟ ಬಟ್ಟೆಯನ್ನೂ ಬಿಚ್ಚಿಕೊಡುವ ಜನ ಅವರು. ಲವೇನಿಯಾ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, ಹತ್ತು ಸಲ ಕೊಡುತ್ತಿದ್ದಳು. ಕೆಲೆರಾ ಇಪ್ಪತ್ತಾರು ವರ್ಷ ಯಾರನ್ನೂ ಏನನ್ನೂ ಕೇಳದೆ, ಕೊಡಲಿಲ್ಲವೆಂದು ಎಲ್ಲರ ಮೇಲೂ ಕರುಬಿಕೊಂಡು ಬಂದಿದ್ದಳು.

“ಹೋಗು, ನೀನೇ ಹೋಗು,” ಎಂದಳು ಲವೇನಿಯಾ ಕಣ್ಣೊರೆಸಿಕೊಳ್ಳುತ್ತ. “ಹಂಸಾಬೆನ್‌ಗೆ ನಾನು ಹೇಳ್ತೀನಿ. ಹೇಗಿದ್ರೂ ಆಗಸ್ಟ್ ಹದಿಮೂರಕ್ಕೆ ನಾನು ನಾಸೋಲೋದಲ್ಲಿರಬೇಕು. ನೂರನೇ ದಿನದ ಅಡುಗೆಗೆ ಬಾ ಅಂತ ನಿನ್ನ ಅತ್ತೆಯರೆಲ್ಲ ಕೈಮೇಲೆ ಕೈಯಿಟ್ಟು ಹೇಳಿಸ್ಕೊಂಡಿದಾರೆ. ನಿನ್ನ ಜಾಗದಲ್ಲಿ ನಾನು ಕೂತಿರ್ತೀನಿ, ಚಿಂತೆ ಮಾಡ್ಬೇಡ.”

ಬೇಕೆಂದದ್ದು ಸಿಕ್ಕಿತು. ಅಂದು ಮಧ್ಯಾಹ್ನ ಹಾಳೆ ತೆಗೆದು ಐದನೆಯ ದಿನದಿಂದ ನಾಸೋಲೋ ಎಂಬ ಹೆಸರನ್ನು ಹೊಡೆದುಹಾಕುವಾಗ ಕೆಲೆರಾಳ ಕಣ್ಣು ಮತ್ತೆ ಮತ್ತೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ಹೊಸ ಚಾಪೆಯತ್ತ ಹೋಯಿತು. ಅದರ ಅಂಚಿನ ಉಣ್ಣೆಯ ಗೊಂಡೆಗಳು ನಾಸೋಲೋದ ಹೆಂಗಸರ ಕೈಯವು. ಮನೆಮಗಳಿಗೆ ಕೊಡುವಂಥವು.

ಮಾವನಿಗೆ ಮುಖ ತೋರಿಸಲು ಮೂರು ಶನಿವಾರ ಬೇಕಾಯಿತು. ನಾಲ್ಕನೆಯ ಶನಿವಾರ ಹೋಗಿ ಎದುರಿಗೆ ನಿಂತು, “ಮಾವ, ನನಗೆ ಜ್ವರ ಇರ್ಲಿಲ್ಲ,” ಎಂದಳು. ಅಪಿಸಾಯ್ ಕೈಯಲ್ಲಿದ್ದ ಗೆಡ್ಡೆಯ ಮಣ್ಣು ಉಜ್ಜಿ ತೆಗೆದ.

“ಗೊತ್ತು ಮಗಳೇ,” ಎಂದು ಒಂದು ದೊಡ್ಡ ಕಟ್ಟು ಎತ್ತಿ ಅವಳ ಕೈಗಿಟ್ಟ. “ಅರ್ಧ ನೀನಿಟ್ಕೊ. ದಪ್ಪದಪ್ಪವು ಲವೇನಿಯಾಗೆ ಕೊಡು. ಅವಳಿಗೆ ಇಷ್ಟ.”

ಆ ಕಟ್ಟನ್ನು ಹೊತ್ತು ಏರುದಾರಿ ಹತ್ತುವಾಗ ಅವಳಿಗೆ ಅಳು ಬಂತು. ದೊಡ್ಡಜ್ಜನಿಗಾಗಿ ಬಂದದ್ದೋ, ದಪ್ಪದಪ್ಪ ಗೆಡ್ಡೆಗಳಿಗಾಗಿ ಬಂದದ್ದೋ, ಅಂದಿನ ಡೈರಿಯಲ್ಲೂ ಅವಳು ಬರೆಯಲಿಲ್ಲ.

ಆಗಸ್ಟ್ ಹದಿಮೂರರಂದು ಕೆಲೆರಾ ರಂಬಿಯಲ್ಲಿದ್ದಳು. ಆರು ದಿನ ತಡವರಿಸಿ ತಡವರಿಸಿ ಮಾತಾಡಿ, ಏಳನೆಯ ದಿನಕ್ಕೆ ಅವಳ ನಾಲಿಗೆ ಸ್ವಲ್ಪ ಸಡಿಲವಾಗಿತ್ತು. ಮೇಷ್ಟರುಗಳು ತಾವೇ ಮಾತಿನ ಮಲ್ಲರಾದ್ದರಿಂದ ಕೇಳುವವಳೊಬ್ಬಳು ಸಿಕ್ಕಿದ್ದು ಅವರಿಗೆ ಖುಷಿಯಾಗಿತ್ತು. ಅಂಗಳದಲ್ಲಿ ಹುಡುಗಿಯರು ಹಕ್ಕಿಯಂತೆ ಕೈಬಿಚ್ಚಿ ಕುಣಿಯುತ್ತಿದ್ದರು. ಅವಳು ಮೂರು ವರ್ಷ ಕಂಡ ಕನಸಿಗಿಂತ ಚೆನ್ನಾಗಿತ್ತು ಅದು.

ಆಗಲೇ ಫೋನಿಗೆ ಲವೇನಿಯಾಳ ಚಿತ್ರ ಬಂತು. ನಾಸೋಲೋದಲ್ಲಿ ನೀರು ತೆರೆದಿತ್ತು. ನೂರು ದಿನ ಯಾರೂ ಮುಟ್ಟದ ಮೀನು ದಡದ ಮೇಲೆ ರಾಶಿ ಬಿದ್ದಿತ್ತು. ಮನೆಮನೆಗೆ ಪಾಲು ಹಾಕುತ್ತಿದ್ದರು. ನಡುವೆ ಅತ್ತೆಯರ ತೋಳಿನೊಳಗೆ ತೋಳು ಹಾಕಿ ಲವೇನಿಯಾ ಕೂತಿದ್ದಳು, ಹಿಂದೆ ಅಪಿಸಾಯ್ ಮಾವ ಅವಳ ತಲೆಗೆ ನೆರಳಾಗಿ ಬಾಳೆಲೆ ಹಿಡಿದಿದ್ದ. ಕೆಲೆರಾ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದು ಮುಖವನ್ನೂ ನೋಡಿದಳು. ಎದುರಿಗೆ ರಂಬಿಯ ಕುಣಿತ ಮುಗಿಯಿತು. ಕೊನೆಯದನ್ನು ಅವಳು ನೋಡಲಿಲ್ಲ.

ಕೆಳಗೆ ಒಂದು ಸಾಲಿತ್ತು. “ನೋಡು ನನ್ನ ಪಾಲು. ಹೊಟ್ಟೆ ಉರೀತಾ?”

ಕೆಲೆರಾ ಆ ಮೀನಿನ ರಾಶಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಬರೆದಳು: “ಉರೀತಿದೆ. ಅತ್ತಿಗೇ, ಅದರಲ್ಲಿ ಅರ್ಧ ನನಗೆ ಕೊಡು.”

ಉತ್ತರ ತಕ್ಷಣ ಬಂತು.

“ಆಯ್ತು ಮಾರಾಯ್ತಿ. ಆದ್ರೆ ಬಂದು ನೀನೇ ತಗೊಂಡು ಹೋಗ್ಬೇಕು. ಹೊತ್ಕೊಂಡು ಬರೋಕೆ ನಾನೇನು ನಿನ್ನ ಆಳಾ? ನಿನ್ನ ಅತ್ತೆಯರು ಉಪ್ಪು ಹಚ್ಚಿ ಹೊಗೆಗೆ ಕಟ್ತಾರಂತೆ. ಎಂಟು ದಿನ ಇರುತ್ತಂತೆ.”

ಒಂಬತ್ತನೆಯ ದಿನ ಮೇಷ್ಟರುಗಳನ್ನು ವಿಮಾನ ಹತ್ತಿಸಬೇಕು. ಅದರ ಮರುದಿನ ನಾಸೋಲೋ ಕಡೆಗೆ ದೋಣಿ ಎಷ್ಟು ಗಂಟೆಗೆ ಎಂಬುದು ಕೆಲೆರಾಳಿಗೆ ಯಾರನ್ನೂ ಕೇಳದೆ ಗೊತ್ತಿತ್ತು. ಆದರೂ ಅವಳು ಫೋನು ಜೇಬಿಗಿಟ್ಟು, ದೋಣಿಕಟ್ಟೆಯ ಮೇಲೆ ಹಗ್ಗ ಸುತ್ತುತ್ತಿದ್ದ ದೋಣಿಯವನ ಬಳಿಗೆ ನಡೆದಳು.

“ಅಣ್ಣಾ, ಶನಿವಾರ ನಾಸೋಲೋಗೆ ಹೋಗೋ ನಿನ್ನ ದೋಣೀಲಿ ನನಗೊಂದು ಜಾಗ ಕೊಡ್ತೀಯಾ?”