ಕಾಂತಪ್ಪನ ಪುಟ

ಮದರಾಸಿನ ಹೋಟೆಲುಗಳ ಒಲೆಯ ಮುಂದೆ ಸವೆದವರ ಚರಿತ್ರೆಯನ್ನು ಪಂಢರಿನಾಥ ಹತ್ತು ವರ್ಷ ಕೂತು ಬರೆದಿದ್ದ. ಅಚ್ಚು ಹಾಕಿಸುತ್ತಿದ್ದವನೂ ತಾನೇ.

ಕೊನೆಯ ಪುಟ ಕಾಂತಪ್ಪನದು. ಕುದಿಯುವ ಸಾಂಬಾರಿನ ಕೊಪ್ಪರಿಗೆ ಮೈಮೇಲೆ ಮಗುಚಿ ಸತ್ತ ಅಡುಗೆಯವನು. "ಇವರ ಹೆಸರೊಂದು ಉಳಿಯಲಿ ರಾಯರೇ" ಎಂದು ಅವನ ಹೆಂಡತಿ ಗುಣವತಿ ಎಲ್ಲವನ್ನೂ ಅಳದೆ ಹೇಳಿದ್ದಳು.

ಆ ಪುಟದ ಅಚ್ಚುಮೊಳೆ ಜೋಡಿಸಿದ ದಿನವೇ, ಕಾಂತಪ್ಪ ಸತ್ತ ಹೋಟೆಲಿನ ಯಜಮಾನರು ಪಂಢರಿನಾಥನನ್ನು ಕರೆಸಿ, ಕಾಫಿ ಕೊಟ್ಟು, "ಸತ್ತವನ ಸುದ್ದಿ ಈಗ ಯಾಕೆ ಮಾರಾಯ? ನಿನ್ನ ತಮ್ಮ ನಮ್ಮಲ್ಲೇ ಕೆಲಸಕ್ಕಿದ್ದಾನೆ, ನೆನಪುಂಟಲ್ಲ?" ಎಂದರು.

ಪಂಢರಿನಾಥ ಮಾಂಬಲದ ಪ್ರೆಸ್ಸಿಗೆ ಹೋಗಿ, ಆ ಪುಟ ತೆಗೆದು ಯಜಮಾನರ ಉಪಕಾರಸ್ಮರಣೆ ಹಾಕಲು ಹೇಳಿದ. ಅಲ್ಲಿ ಕನ್ನಡದ ಮೊಳೆಗಳಿದ್ದದ್ದೇ ಒಂದು ಪುಟಕ್ಕಾಗುವಷ್ಟು. ಕಂಪೋಜಿಟರ್ ಕಾಂತಪ್ಪನ ಸಾವನ್ನು ಅಕ್ಷರ ಅಕ್ಷರವಾಗಿ ಬಿಚ್ಚಿ, ಅವೇ ಮೊಳೆಗಳಿಂದ ಯಜಮಾನರ ಔದಾರ್ಯವನ್ನು ಜೋಡಿಸಿದ. ಪ್ರೂಫ್ ನೋಡಿ ಪಂಢರಿನಾಥ ಸಹಿ ಹಾಕಿದ.

ಪುಸ್ತಕ ಬಂದ ದಿನ ಗುಣವತಿ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಅವಳಿಗೆ ಓದು ಬಾರದು. "ಇವರ ಹೆಸರು ಎಲ್ಲುಂಟು?" ಎಂದಳು.

ಪಂಢರಿನಾಥ ಕೊನೆಯ ಪುಟ ತೆರೆದು ಯಜಮಾನರ ಹೆಸರಿನ ಮೇಲೆ ಬೆರಳಿಟ್ಟ. "ಇಲ್ಲಿ."

ಗುಣವತಿ ಆ ಹೆಸರನ್ನು ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.