ಅಗಸೆ ಎಣ್ಣೆಯ ಬಟ್ಟೆ

ಹೊಗೆಯ ವಾಸನೆ ಜಪ್ಪಯ್ಯ ಎಂದರೂ ಬಿಡಲಿಲ್ಲ. ಮನೆಗೆ ಬಿದ್ದ ಬೆಂಕಿ ಆರಿ ಹದಿನೆಂಟು ದಿನವಾಗಿತ್ತು. ಪುಟ್ಟಿ ಬಾಡಿಗೆ ಕೋಣೆಯ ಮೇಜಿನ ಮೇಲೆ ಅಮ್ಮ ಬಿಡಿಸಿದ ಚಿತ್ರವನ್ನು ಮಲಗಿಸಿಕೊಂಡು, ಒಣ ಸ್ಪಂಜಿನಿಂದ ಮಸಿಯನ್ನು ಒತ್ತಿ ಒತ್ತಿ ತೆಗೆಯುತ್ತಿದ್ದಳು. ವಯಸ್ಸು ನಲವತ್ತಮೂರು, ಆದರೂ ಅಪ್ಪನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ.

ಚಿತ್ರದಲ್ಲಿರುವುದು ಒಂದು ಹಳದಿ ಕುರ್ಚಿ. ಚೌಕಟ್ಟು ಬಡಗಿ ಅಪ್ಪನ ಕೈಕೆಲಸ. ಆರು ವರ್ಷದ ಹಿಂದೆ ಅವನ ಕಣ್ಣು ಹೋಯಿತು, ಮರುವರ್ಷ ಅಮ್ಮ ಹೋದಳು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಚೌಕಟ್ಟಿಗೆ ಮೂಗು ತಾಗಿಸಿ, ಅಮ್ಮ ಬಣ್ಣ ಕಲಸುತ್ತಿದ್ದ ಅಗಸೆ ಎಣ್ಣೆಯ ವಾಸನೆ ಎಳೆದುಕೊಂಡು, "ಇದ್ದಾಳೆ" ಎನ್ನುತ್ತಿದ್ದ. ತಿಂಡಿ ಆಮೇಲೆಯೇ.

ಈಗ ಮೂಸಿದ ಕೂಡಲೇ ಮುಖ ತಿರುಗಿಸುತ್ತಾನೆ. ತಟ್ಟೆ ಮುಂದಿಟ್ಟರೆ ಎರಡು ತುತ್ತು, ಅದೂ ಮಗಳ ಬಲವಂತಕ್ಕೆ. ಹೀಗೇ ಆದರೆ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಫ್ರೇಮ್ ಅಂಗಡಿಯವನು ದಾರಿ ತೋರಿಸಿದ್ದ. "ನೀರು ಮುಟ್ಟಿಸ್ಬೇಡಿ, ಮಸಿ ಒಳಗಿಳಿಯುತ್ತೆ. ಹಿಂದಿನ ರಟ್ಟು ಬಿಸಾಕಿ, ವಾಸನೆ ಮನೆ ಮಾಡ್ಕೊಂಡಿರೋದೇ ಅಲ್ಲಿ. ಆಮೇಲೆ ಇದ್ದಿಲು, ಅಡುಗೆ ಸೋಡಾ ಜೊತೆ ಪೆಟ್ಟಿಗೇಲಿ ಮುಚ್ಚಿಡಿ."

ಎಲ್ಲ ಮಾಡಿದಳು. ನಾಲ್ಕು ದಿನಕ್ಕೊಮ್ಮೆಯಂತೆ ಸೋಡಾ ಮೂರು ಸಲ ಬದಲಾಯಿಸಿದಳು. ಕೊನೆಗೆ ಅವಳ ಮೂಗೇ ಕೈಕೊಟ್ಟಿತು, ಸ್ನಾನದ ಸೋಪೂ ಹೊಗೆ ನಾರತೊಡಗಿತು. ಕೆಳಗಿನ ಮನೆಯಾಕೆಯನ್ನು ಕರೆದು ಮೂಸಿಸಬೇಕಾಯಿತು. ಮೊದಲ ವಾರ ಬಾಗಿಲಲ್ಲೇ ಮೂಗು ಮುಚ್ಚಿದವಳು ಇವತ್ತು ಬಗ್ಗಿ ಮೂಸಿ, "ಏನೂ ಇಲ್ಲ ಕಣ್ರೀ, ಒಣಮರ ಅಷ್ಟೆ" ಎಂದಳು.

ಏನೂ ಇಲ್ಲವೆಂದರೆ ಎಣ್ಣೆಯೂ ಇಲ್ಲ.

ನಿಜ ಹೇಳಬೇಕೆಂದರೆ ಅಮ್ಮನ ಎಣ್ಣೆ ಎಂದೋ ಒಣಗಿ ವಾಸನೆ ಕಳೆದುಕೊಂಡಿತ್ತು. ತಿಂಗಳಿಗೊಮ್ಮೆ ಅಪ್ಪ ನಿದ್ದೆಹೋದಾಗ ಚೌಕಟ್ಟಿನ ಹಿಂಬದಿಗೆ ಬಟ್ಟೆಯಲ್ಲಿ ಅಗಸೆ ಎಣ್ಣೆ ಒರೆಸುತ್ತಿದ್ದವಳು ಇವಳೇ. ಕೊನೆಯ ಸಲ ಆ ಬಟ್ಟೆಯನ್ನು ಮುದುಡಿ ಬುಟ್ಟಿಗೆಸೆದಿದ್ದಳು. ಮುದುಡಿದ ಎಣ್ಣೆಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆಂದು ಬೆಂಕಿ ಆರಿಸಲು ಬಂದವರು ಹೇಳಿದ ಮೇಲೇ ಅವಳಿಗೆ ಗೊತ್ತಾದದ್ದು. ಅಪ್ಪನಿಗೆ ವೈರಿಂಗ್ ಕೆಟ್ಟಿತ್ತೆಂದು ಸುಳ್ಳು ಹೇಳಿದ್ದಳು.

ಹೊಸ ಎಣ್ಣೆಯ ಬಾಟಲಿ ಎದುರಿಗೇ ಇತ್ತು. ಮುಚ್ಚಳ ತಿರುಗಿಸಲು ಕೈ ಬರಲಿಲ್ಲ. ಅಷ್ಟರಲ್ಲಿ ಅಪ್ಪ ಗೋಡೆ ಸವರಿಕೊಂಡು ಬಂದು, ಬಗ್ಗಿ ಮೂಸಿದ.

"ಹೊಗೆ ಹೋಯ್ತು" ಎಂದ. ಮತ್ತೊಮ್ಮೆ ಮೂಸಿ, "ಅವಳೂ ಹೋದ್ಲು."

ಪುಟ್ಟಿಗೆ ತಡೆಯಲಾಗಲಿಲ್ಲ. "ಅಪ್ಪ, ಇಷ್ಟು ವರ್ಷ ನಿನಗೆ ಬರ್ತಿದ್ದ ವಾಸನೆ ಅಮ್ಮಂದಲ್ಲ. ನಾನೇ ಎಣ್ಣೆ ಹಚ್ತಿದ್ದೆ."

ಮರಕ್ಕೆ ಎಣ್ಣೆ ಕುಡಿಸಿದ ಬಟ್ಟೆಯನ್ನು ಬಾಳಿಡೀ ಹಗ್ಗದ ಮೇಲೆ ಹರವಿ ಒಣಗಿಸಿದ ಬಡಗಿ ಅವನು.

"ಬಟ್ಟೆ ಎಲ್ಲಿ ಹಾಕಿದ್ದೆ?"

"ಬುಟ್ಟಿಗೆ. ಮುದುಡಿ."

ಬೆಂಕಿ ಎಲ್ಲಿಂದ ಹೊತ್ತಿತೆಂದು ಅಪ್ಪನಿಗೆ ತಿಳಿಯಿತು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ತಡಕಾಡಿ ಬಾಟಲಿ ಹಿಡಿದು, ಮುಚ್ಚಳ ತೆಗೆದು, ಅವಳ ಅಂಗೈಯನ್ನು ಎಳೆದು ಅದರೊಳಕ್ಕೆ ಎಣ್ಣೆ ಸುರಿದ.

"ಬಟ್ಟೆ ಬೇಡ ಪುಟ್ಟಿ. ಕೈಯಲ್ಲೇ ಹಚ್ಚು."

ಅಳುತ್ತಲೇ ಹಚ್ಚಿದಳು. ಮುಗಿದ ಮೇಲೆ ಅವನು ಚೌಕಟ್ಟನ್ನು ಮೂಸಲಿಲ್ಲ. ಅವಳ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತ. ಆಮೇಲೆ ತಟ್ಟೆ ಎಲ್ಲಿ ಎಂದು ಕೇಳಿದ.