ದೊಡ್ಡಿಯ ಬಡಗಣ ಮೂಲೆ

ಹಳೆಯ ಕುರಿದೊಡ್ಡಿಯ ಬಡಗಣ ಮೂಲೆಯಲ್ಲಿ ರಜಿತಾ ಮೇಡಂ ಗೂಟ ಹೊಡೆದು ದಾರ ಎಳೆಯುವುದನ್ನು ಕಂಡು ಕುರುಮಮ್ಮನ ಕೈಯಿಂದ ಮಣ್ಣಿನ ಬುಟ್ಟಿ ಜಾರಿತು.

"ಮೇಡಂರೀ, ಅಲ್ಲಿ ಗುದ್ದಲಿ ಹಾಕಬ್ಯಾಡ್ರಿ. ಅಲ್ಲಿ ನನ್ನ ಕೂಸು ಐತಿ."

ಮಕ್ತಲ್ ಸೀಮೆಯ ಆ ಗುಡ್ಡದ ಮೇಲೆ ಪುರಾತತ್ವದ ಅಗೆತ ಶುರುವಾಗಿ ಹತ್ತು ದಿನವಾಗಿತ್ತು. ತೆಲಂಗಾಣ ರಾಜ್ಯವಾದ ಮರುವರ್ಷ ಹೈದರಾಬಾದಿನಿಂದ ಬಂದಿದ್ದ ರಜಿತಾ, ಸಾವಿರಾರು ವರ್ಷಗಳ ಹಿಂದೆಯೂ ಮಳೆಗಾಲಕ್ಕೆ ದನಗಾರರು ಇಲ್ಲೇ ಬಂದು ತಂಗುತ್ತಿದ್ದರೆಂದು ಹೇಳಿ, ಸುಟ್ಟ ಸಗಣಿಯ ಬೂದಿಯನ್ನು ಪದರ ಪದರವಾಗಿ ತೋರಿಸಿದ್ದಳು. ಕುರುಮಮ್ಮನಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಅವಳೂ ಗಂಡ ಆಶಪ್ಪನೂ ಮಳೆ ಹಿಡಿದಾಗಿನಿಂದ ದೀವಳಿಗೆಯವರೆಗೆ ಇದೇ ದೊಡ್ಡಿಯಲ್ಲಿ ಕುರಿ ತರುಬಿದವರು. ಈಗ ಇಬ್ಬರೂ ಇಲ್ಲಿಯೇ ಮಣ್ಣು ಹೊರುವ ಕೂಲಿಗಳು.

ಕೂಸಿಗೆ ಆಗ ಒಂಬತ್ತು ತಿಂಗಳು. ಮೂರೇ ದಿನದ ಜ್ವರ. ಮೂವತ್ತು ವರ್ಷದ ಹಿಂದೆ, ಕುರುಮಮ್ಮನೂ ಅದೇ ಜ್ವರದಲ್ಲಿ ಮೈಮೇಲೆ ಖಬರಿಲ್ಲದೆ ಬಿದ್ದಿದ್ದಾಗ, ಆಶಪ್ಪ ಒಬ್ಬನೇ ಮಗಳನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದ. ಆಮೇಲೆ ಪ್ರತಿ ವರ್ಷ ಗುಡ್ಡ ಹತ್ತಿದ ದಿನ, ಅವನು ತೋರಿಸಿದ ಆ ಮೂಲೆಗೆ ಅವಳು ಮೊದಲ ಹಾಲು ಚೆಲ್ಲುತ್ತಿದ್ದಳು.

ಈ ಮೂಲೆ ಬಿಟ್ಟುಬಿಡೋಣ ಎಂದು ರಜಿತಾ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು.

"ಬ್ಯಾಡ್ರಿ. ನಾಳಿ ಯಾರರ ಬಂದು ಅಗದು ಒಗಿತಾರ. ನೀವ ನಾಜೂಕಾಗಿ ತಗದು ನನ್ ಕೈಯಾಗ ಕೊಡ್ರಿ. ಊರಾಗ ನಮ್ಮವರ ಬಾಜೂಕ ಇಡ್ತೀನಿ."

"ಸುಮ್ನಿರ. ಮಲಗಿದ್ದನ್ನ ಯಾಕ ಎಬ್ಬಸ್ತಿ?" ಎಂದ ಆಶಪ್ಪ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ರಜಿತಾ ಬೇರೆ ಯಾರನ್ನೂ ಇಳಿಸದೆ ತಾನೇ ಕರಣೆ, ಕುಂಚ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದ ಇಳಿದಿದ್ದಳು. ಒಂದು ಎತ್ತಿನ ಹಲ್ಲು, ಗಡಿಗೆಯ ಚೂರು, ಬೂದಿ. ಅದರ ಕೆಳಗೆ ಬಂಡೆ.

"ಇಲ್ಲಿ ಯಾರೂ ಕುಣಿ ತೋಡಿಲ್ಲಮ್ಮಾ," ಎಂದಳು. "ನೋಡು, ಒಂದು ಪದರವೂ ಕದಡಿಲ್ಲ."

ಕುರುಮಮ್ಮ ಗಂಡನ ಕಡೆ ತಿರುಗಿದಳು. ಆಶಪ್ಪ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಗುದ್ದಲಿ ಗುಡಿಸಲದಾಗ ಇತ್ತು. ತರಾಕ ಬಂದ್ರ ನೀ ಕಣ್ ತೆರದು ಕೂಸೆಲ್ಲಿ ಅಂತಿ ಅಂತ ಅಂಜಿಕಿ ಆತು. ಹಳ್ಳ ತುಂಬಿ ಹರಿತಿತ್ತು. ಕೂಸನ್ನ ಅದರಾಗ ಬಿಟ್ಟೆ."

"ನಾ ಹಾಲು ಚೆಲ್ಲೂವಾಗ ನೀ ಬಾಜೂಕ ನಿಂತಿರ್ತಿದ್ದೆಲ್ಲ."

"ಹ್ಞೂಂ."

ಅವಳು ಕುಳಿಗೆ ಇಳಿದು ಕೂತಳು. ಮೇಲೆತ್ತಲು ಆಶಪ್ಪ ಕೈ ಚಾಚಿದ. ಅವಳು ಅದನ್ನು ಹಿಡಿಯಲಿಲ್ಲ. ಅವಳು ಎರಡೂ ಅಂಗೈಗಳನ್ನು ಕೆಳಗಿನ ಬಂಡೆಯ ಮೇಲೆ ಊರಿದಳು. ಬಿಸಿಲು ಬಿದ್ದು ಅದು ಆಗಲೇ ಬೆಚ್ಚಗಾಗತೊಡಗಿತ್ತು.